‘ವಿಮಲ ರಾ’ ಎಂದು ನಿಲ್ಲುತ್ತಿದ್ದ ಮಕ್ಕಳು ಗದುಗಿನ ಭಾರತ ಓದಿದ್ದು

ಮಕ್ಕಳಿಗೆ ಗಮಕ, ಅಂದರೆ ಕಾವ್ಯವನ್ನು ರಾಗದಲ್ಲಿ ವಾಚಿಸುವ ಕಲೆ, ಕಲಿಸಿದವರಿಗೆಲ್ಲ ಈ ಕಾಟ ಗೊತ್ತಿರುತ್ತದೆ. ಕೈಗೆ ಪುಸ್ತಕ ಕೊಟ್ಟು ಕುಮಾರವ್ಯಾಸನ ಮೊದಲ ಪದ್ಯ ಓದು ಅಂದರೆ, ಮಗು ‘ಶ್ರೀವನಿತೆಯರಸನೆ ವಿಮಲ ರಾ’ ಎಂದು ಓದಿ ನಿಂತುಬಿಡುತ್ತದೆ. ಅಚ್ಚಿನಲ್ಲಿ ಸಾಲು ಅಲ್ಲಿಗೆ ಮುಗಿದಿದೆಯಲ್ಲ! ಉಸಿರೆಳೆದುಕೊಂಡು ‘ಜೀವಪೀಠನ ಪಿತನೆ ಜಗಕತಿ’ ಅನ್ನುತ್ತದೆ, ಮತ್ತೆ ನಿಲ್ಲುತ್ತದೆ. ರಾಜೀವಪೀಠ ಎರಡು ಹೋಳು, ಅತಿಪಾವನ ಎರಡು ಹೋಳು. ‘ರಾ ಅಂದರೆ ಏನು ಆಂಟಿ?’ ಎಂದು ಮೊದಲ ವರ್ಷ ನನ್ನನ್ನು ಕೇಳದ ಮಗು ಇಲ್ಲ.

ಈ ‘ರಾ’ ದಾಟಿಸುವುದಕ್ಕೆ ನನಗೆ ನಾಲ್ಕೈದು ವರ್ಷ, ಕೈಯಿಂದ ನಲವತ್ತು ಸಾವಿರದಷ್ಟು ಹಣ ಹಿಡಿಯಿತು. ಈಗ ನನ್ನ ಹತ್ತಿರ ಬರುವ ಹನ್ನೊಂದು ಮಕ್ಕಳಲ್ಲಿ ಎಂಟು ಮಕ್ಕಳು ಭಾಮಿನಿಯಲ್ಲಿ, ಅಂದರೆ ಗದುಗಿನ ಭಾರತದ ಆರು ಸಾಲಿನ ಷಟ್ಪದಿಯಲ್ಲಿ, ತಾವು ಕಂಡಿರದ ಪದ್ಯವನ್ನು ಕೊಟ್ಟರೂ ಮುಗ್ಗರಿಸದೆ ವಾಚಿಸುತ್ತಾರೆ. ಅವರಲ್ಲಿ ಆರು ಮಕ್ಕಳು ಇಂಗ್ಲಿಷ್ ಮೀಡಿಯಂ. ಇದು ಆಗದ ಮಾತು ಎಂದು ಹೇಳಿದವರು ಬಹಳ ಜನ ಇದ್ದುದರಿಂದ, ಹೇಗಾಯಿತು ಎಂದು ಬರೆದಿಡುತ್ತಿದ್ದೇನೆ.

ನಾನು ಶಿವಮೊಗ್ಗದ ಕಡೆಯವಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಗಳ ವಾಚನ ಕೇಳಿಕೊಂಡು ಬೆಳೆದವಳು. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಇಪ್ಪತ್ತು ವರ್ಷ ದೇವಸ್ಥಾನಗಳಲ್ಲಿ, ಶ್ರಾವಣದ ಮನೆಗಳಲ್ಲಿ ಓದಿದ್ದೇನೆ. ದೊಡ್ಡವರ ಮುಂದೆ ಓದುವುದಕ್ಕೂ ಎಂಟು ವರ್ಷದ ಮಗುವಿಗೆ ಕಲಿಸುವುದಕ್ಕೂ ಸಂಬಂಧವೇ ಇಲ್ಲ ಎಂಬುದು ಕ್ಲಾಸು ಶುರು ಮಾಡಿದ ಮೊದಲ ತಿಂಗಳೇ ಗೊತ್ತಾಯಿತು.

2018ರ ಜೂನ್‌ನಲ್ಲಿ ಒಂದು ಶಾಲೆಯ ಕೋಣೆಯನ್ನು ತಿಂಗಳಿಗೆ 1500 ರೂಪಾಯಿ ಬಾಡಿಗೆಗೆ ಹಿಡಿದೆ. ಹದಿನಾಲ್ಕು ಮಕ್ಕಳು ಸೇರಿದರು, ತಲಾ 300 ರೂಪಾಯಿ. ಆಗ ನನಗೆ ಗೊತ್ತಿದ್ದದ್ದು ನಮ್ಮ ಮೇಷ್ಟರು ಕಲಿಸಿದ ದಾರಿ ಒಂದೇ: ಪದ್ಯ ಬರೆಸು, ಪದಚ್ಛೇದ ಮಾಡಿಸು, ಅರ್ಥ ಹೇಳು, ಆಮೇಲೆ ಬಾಯಿಪಾಠ. ವನಿತೆ ಎಂದರೆ ಹೆಂಗಸು, ರಾಜೀವ ಎಂದರೆ ಕಮಲ, ನಿಕರ ಎಂದರೆ ಗುಂಪು. ಒಂದು ಪದ್ಯಕ್ಕೆ ಮೂರು ವಾರ ಹಿಡಿಯುತ್ತಿತ್ತು. ಮಕ್ಕಳ ನೋಟ್‌ಬುಕ್ ತುಂಬಿತು, ಬಾಯಿ ತೆರೆಯಲಿಲ್ಲ. ದೀಪಾವಳಿ ಹೊತ್ತಿಗೆ ನಾಲ್ಕೇ ಮಕ್ಕಳು ಉಳಿದರು. ಒಬ್ಬ ತಾಯಿಯಂತೂ ನೇರವಾಗಿ, ‘ಮೇಡಂ, ಅಬಾಕಸ್‌ಗೆ ಹಾಕಿದ್ರೆ ಲೆಕ್ಕನಾದ್ರೂ ಬರುತ್ತೆ’ ಎಂದು ಹೇಳಿ ಮಗಳನ್ನು ಬಿಡಿಸಿಕೊಂಡು ಹೋದರು. ಆ ಶಾಲೆಯವರೂ ಟ್ಯೂಷನ್ನಿಗೆ ಬೇಕೆಂದು ಕೋಣೆ ಬಿಡಿಸಿದರು, ಕೊಟ್ಟಿದ್ದ ಮುಂಗಡದಲ್ಲಿ ಅರ್ಧ ವಾಪಸು ಬರಲಿಲ್ಲ. ಆ ವರ್ಷ ಹದಿನೈದು ಹದಿನಾರು ಸಾವಿರ ಕೈಬಿಟ್ಟಿತು.

ಮಾರನೇ ವರ್ಷ ನಮ್ಮ ಮನೆಯ ಮಹಡಿಗೆ ಬಂದೆ. ಬಾಡಿಗೆ ಉಳಿಯಿತು. ಆದರೆ ತಪ್ಪು ಇನ್ನೂ ದೊಡ್ಡದು ಮಾಡಿದೆ. ಪೋಷಕರು ‘ನಮ್ಮ ಮಗೂಗೆ ಕನ್ನಡ ಓದೋಕೆ ಕಷ್ಟ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ’ ಎಂದು ಕೇಳಿದರು. ಡಿಟಿಪಿ ಅಂಗಡಿಯಲ್ಲಿ ಕೂತು ಮೂವತ್ತು ಪದ್ಯಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಸಿ, ಸ್ಪೈರಲ್ ಹಾಕಿಸಿ ಹಂಚಿದೆ. 2200 ರೂಪಾಯಿ ಖರ್ಚು. ಒಂದೇ ವಾರದಲ್ಲಿ ನನ್ನ ಕಿವಿಗೆ ಬಿದ್ದ ಅನಾಹುತ ಹೇಳತೀರದು. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಎಂದು ಮಗುವಿಗೆ ಕಾಣುವುದೇ ಇಲ್ಲ. ಳ ಹೋಗಿ ಲ ಆಯಿತು, ಣ ಹೋಗಿ ನ ಆಯಿತು. ‘ಪೀಠನ ಪಿತನೆ’ ಎಂಬಲ್ಲಿ ಪೀಯೂ ಪಿಯೂ ಒಂದೇ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂದು ಎಣಿಸುವ ಮಾತ್ರೆ ಸತ್ತ ಮೇಲೆ ಷಟ್ಪದಿಯಲ್ಲಿ ಉಳಿಯುವುದು ಏನು? ಆ ಪುಸ್ತಕಗಳನ್ನೆಲ್ಲ ವಾಪಸು ತೆಗೆದುಕೊಂಡು ರದ್ದಿಗೆ ಹಾಕಿದೆ. ಈಗಲೂ ಯಾರಾದರೂ ಇಂಗ್ಲಿಷ್ ಲಿಪಿ ಕೇಳಿದರೆ ಆಗುವುದಿಲ್ಲ ಎಂದು ಸೇರಿಸಿಕೊಳ್ಳುವ ದಿನವೇ ಹೇಳುತ್ತೇನೆ.

ಅದೇ ವರ್ಷದ ಕೊನೆಗೆ ರಾಗದಿಂದ ಶುರು ಮಾಡಿ ನೋಡಿದೆ. 3500 ರೂಪಾಯಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದೆ. ಮೋಹನ, ಹಿಂದೋಳ ಎಂದು ಮಕ್ಕಳು ಚೆಂದವಾಗಿ ಎಳೆದರು. ಪೋಷಕರಿಗೂ ಖುಷಿ, ವಿಡಿಯೋ ತೆಗೆದುಕೊಂಡರು. ನನಗೆ ಮಾತ್ರ ಸಂಕಟ. ಹಾಡು ಬಂತು, ಮಾತು ಕರಗಿಹೋಯಿತು. ‘ಸಜ್ಜನ ನಿಕರ’ ಎಲ್ಲಿ ಮುಗಿಯಿತು, ‘ದಾತಾರ’ ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ತಿಳಿಯಬೇಡವೇ? ಗಮಕದಲ್ಲಿ ರಾಗ ಸಾಹಿತ್ಯವನ್ನು ಹೊತ್ತು ತರಬೇಕು. ಇಲ್ಲಿ ರಾಗವೇ ಅದನ್ನು ನುಂಗಿ ಕೂತಿತ್ತು.

ದಾರಿ ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಅಡಿಗೆಮನೆಯಲ್ಲಿ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗಳು, ಆಗ ಆರು ವರ್ಷದವಳು, ಅಮ್ಮನ ಜೊತೆ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಂದು ದಿನ ಬಟಾಣಿ ಬಿಡಿಸುತ್ತಾ ಅವಳು ಏನೋ ಗುನುಗುತ್ತಿದ್ದಳು. ಕಿವಿಗೊಟ್ಟರೆ ‘ಕಾವುದಾನತ ಜನವ ಗದುಗಿನ ವೀರನಾರಯಣ’. ಯಾರೂ ಅವಳಿಗೆ ಕಲಿಸಿರಲಿಲ್ಲ. ಮೊದಲ ಪದ್ಯದ ಕೊನೆಗೆ ನಾನು ಪ್ರತಿ ಸಲ ಒತ್ತಿ ಹೇಳುತ್ತಿದ್ದ ಸಾಲು ಅದು, ಕಿವಿಯಲ್ಲಿ ಉಳಿದಿತ್ತು. ಅವಳು ‘ನಾರಾಯಣ’ ಅನ್ನಲಿಲ್ಲ, ಪದ್ಯದಲ್ಲಿರುವಂತೆ ‘ನಾರಯಣ’ ಅಂದಳು. ನನ್ನ ಕ್ಲಾಸಿನ ಮಕ್ಕಳು ಪುಸ್ತಕ ನೋಡಿಕೊಂಡೂ ಎಷ್ಟು ಸಲ ತಿದ್ದಿದರೂ ಬಿಡದೆ ‘ನಾರಾಯಣ’ ಎನ್ನುತ್ತಿದ್ದರು. ಗೊತ್ತಿರುವ ಹೆಸರನ್ನು ಅವರ ಕಣ್ಣು ಗೊತ್ತಿರುವಂತೆಯೇ ಓದುತ್ತಿತ್ತು. ಈ ಮಗುವಿನ ಕಿವಿಗೆ ಮಾತ್ರೆ ಬಿದ್ದಿತ್ತು. ಬಟಾಣಿ ಸಿಪ್ಪೆ ಎಸೆಯುವ ಕೈ ಕೂಡ ಭಾಮಿನಿಯ ನಡೆಯಂತೆ ಮೂರು-ನಾಲ್ಕು, ಮೂರು-ನಾಲ್ಕು ಎಂದೇ ಆಡುತ್ತಿತ್ತು.

ಅವತ್ತೇ ತೀರ್ಮಾನ ಮಾಡಿದೆ: ಪುಸ್ತಕ ಆಮೇಲೆ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮೊಬೈಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿಸಲು ಹೋದೆ, ಒಬ್ಬರ ದನಿ ಒಬ್ಬರಿಗೆ ತಡವಾಗಿ ಮುಟ್ಟಿ ತಾಳವೆಲ್ಲ ಚೆಲ್ಲಾಪಿಲ್ಲಿ. ಸಾಮೂಹಿಕ ಕೈಬಿಟ್ಟು, ದಿನಾ ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ನಾನು ಒಂದು ಸಾಲು ಹೇಳುವುದು, ಮಗು ಅದೇ ಸಾಲು ಹೇಳಿ ವಾಪಸು ಕಳಿಸುವುದು. ಕೈಯಲ್ಲಿ ಪುಸ್ತಕ ಇರಲಿಲ್ಲ, ಆದ್ದರಿಂದ ಕಿವಿಯೊಂದೇ ಗತಿ. ಅದೇ ಒಳ್ಳೆಯದಾಯಿತು. ಆರು ಮಕ್ಕಳು ಬಿಡದೆ ಮಾಡಿದರು.

2021ರ ಕೊನೆಗೆ ಮತ್ತೆ ಮಹಡಿಯಲ್ಲಿ ಕೂತಾಗ ಪದ್ಧತಿ ಒಂದು ರೂಪಕ್ಕೆ ಬಂದಿತ್ತು. ಮೊದಲು ಕಥೆ, ಮನೆಮಾತಿನಲ್ಲಿ, ಪೂರ್ತಿ. ಬಕಾಸುರನಿಗೆ ಭೀಮ ಬಂಡಿ ತುಂಬ ಅನ್ನ ಒಯ್ದು ತಾನೇ ಉಂಡದ್ದು, ಉತ್ತರಕುಮಾರ ರಥದಿಂದ ಹಾರಿ ಓಡಿದ್ದು. ಕಥೆ ಗೊತ್ತಿದ್ದರೆ ಮಗುವಿಗೆ ಅರ್ಧ ಅರ್ಥ ತಾನಾಗಿ ಸಿಗುತ್ತದೆ, ಉಳಿದರ್ಧ ಅದೇ ಕೇಳುತ್ತದೆ. ಆಮೇಲೆ ತಾಳ. ಚಪ್ಪಾಳೆ ಬೇಡ, ಸದ್ದು ಜಾಸ್ತಿ. ಒಮ್ಮೆ ಕೋಲಾಟದ ಕೋಲು ಕೊಟ್ಟು ನೋಡಿ ಪಕ್ಕದ ಮನೆಯವರಿಂದ ಮಾತು ಕೇಳಿದ್ದಾಗಿತ್ತು. ತೊಡೆಯ ಮೇಲೆ ಒಂದು ತಟ್ಟು, ಎರಡು ಬೆರಳು. ಒಂದು ತಟ್ಟು, ಮೂರು ಬೆರಳು. ಮೂರನೇ ಸಾಲು ಆರನೇ ಸಾಲುಗಳ ಕೊನೆಯ ಅಕ್ಷರಕ್ಕೆ ಪೂರ್ತಿ ಅಂಗೈ ಊರಬೇಕು. ಇದು ಬಹಳ ಮುಖ್ಯ. ಈಗಿನ ಮಕ್ಕಳು ಕೊನೆಯ ಅಕಾರವನ್ನು ನುಂಗಿ ‘ವೀರನಾರಯಣ್’ ಎಂದುಬಿಡುತ್ತಾರೆ, ಟಿವಿ ಕೇಳಿ ಬಂದ ಅಭ್ಯಾಸ. ಅಂಗೈ ಊರಿ ಇಡುವಷ್ಟು ಹೊತ್ತು ‘ಣ’ ನಿಲ್ಲಲೇಬೇಕು, ಹೇಳಿ ತಿದ್ದುವ ಅಗತ್ಯವೇ ಬರುವುದಿಲ್ಲ.

ಪದ್ಯವನ್ನು ಕೊನೆಯ ಸಾಲಿನಿಂದ ಕಲಿಸುತ್ತೇನೆ. ಆರನೆಯದು ಗಟ್ಟಿಯಾದ ಮೇಲೆ ಐದು, ಆರು. ಆಮೇಲೆ ನಾಲ್ಕು, ಐದು, ಆರು. ಹೊಸದರಿಂದ ಹೊರಟು ಗೊತ್ತಿರುವುದಕ್ಕೆ ಬಂದು ಸೇರುವುದರಿಂದ ಮಗುವಿಗೆ ಪ್ರತಿ ಸಲವೂ ಗೆದ್ದ ಹಾಗೆ.

ಇನ್ನೊಂದು, ಗೂಟಗಳು. ಹೆಸರು ನಾನೇ ಇಟ್ಟದ್ದು. ಷಟ್ಪದಿಯ ಎರಡನೇ ಅಕ್ಷರದ ಪ್ರಾಸವನ್ನು ನಾವೆಲ್ಲ ವ್ಯಾಕರಣವಾಗಿ ಓದಿದ್ದೇವೆ. ನಾನು ಅದನ್ನು ಮಕ್ಕಳ ಕೈಗೆ ಕೊಟ್ಟೆ. ಮೊದಲ ಪದ್ಯದ ಆರು ಸಾಲುಗಳ ತಲೆ ಮಾತ್ರ ಹೇಳಿಸುವುದು: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಎರಡು ನಿಮಿಷಕ್ಕೆ ಬಾಯಿಗೆ ಬರುತ್ತದೆ, ಆಟದ ಹಾಡಿನ ಹಾಗೆ ಕುಣಿಯುತ್ತಾರೆ. ಮುಂದೆ ಪದ್ಯ ಹೇಳುವಾಗ ಮಧ್ಯೆ ಮರೆತರೆ ಅಳುವುದಿಲ್ಲ, ಮುಂದಿನ ಗೂಟ ಹಿಡಿದುಕೊಳ್ಳುತ್ತಾರೆ. ಒಂಬತ್ತು ವರ್ಷದ ಹುಡುಗನೊಬ್ಬ ನಲವತ್ತು ಪದ್ಯಗಳ ಗೂಟಗಳನ್ನು ಸರಣಿಯಾಗಿ ಹೇಳುತ್ತಾನೆ. ಯಾವ ಪುಸ್ತಕದಲ್ಲೂ ನಾನು ಇದನ್ನು ನೋಡಿ ಕಲಿತದ್ದಲ್ಲ.

ಮೊದಲ ಹನ್ನೆರಡು ಪದ್ಯ ಯಾವುವು, ಯಾವ ಕ್ರಮದಲ್ಲಿ, ಮಾತು ಗಟ್ಟಿಯಾದ ಮೇಲೆ ಮೊದಲು ಹಚ್ಚುವ ರಾಗ ಯಾವುದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಬಹಳ ಏಟು ತಿಂದು ಕಂಡುಕೊಂಡದ್ದು, ಎದುರಿಗೆ ಬಂದು ಕೂತವರಿಗೆ ಹೇಳುತ್ತೇನೆ.

ಈ ಪದ್ಧತಿ ನೋಡಿ ನಮ್ಮ ಊರಿನ ಹಿರಿಯ ಗಮಕಿಯೊಬ್ಬರು ತಲೆ ಆಡಿಸಿದರು. ‘ನೋಡಮ್ಮ, ಪುಸ್ತಕ ಇಲ್ಲದೆ ಕಲಿಸಿದ್ರೆ ಅದು ಗಿಳಿಪಾಠ. ನೀನು ಹೇಳಿಕೊಟ್ಟ ಐವತ್ತು ಪದ್ಯ ಚೆನ್ನಾಗಿ ಒಪ್ಪಿಸ್ತಾವೆ. ಐವತ್ತೊಂದನೇದು ಕೊಟ್ರೆ ಬಾಯಿ ಬಿಡಲ್ಲ’ ಅಂದರು. ದೊಡ್ಡವರು, ನನ್ನ ಮೇಲೆ ಪ್ರೀತಿ ಇಟ್ಟವರು. ಆ ಮಾತು ನನಗೆ ರಾತ್ರಿ ನಿದ್ದೆ ಕೆಡಿಸಿತು, ಯಾಕೆಂದರೆ ಅದರಲ್ಲಿ ಸತ್ಯವಿತ್ತು. ಬಾಯಿಗೆ ಬಂದದ್ದು ಕಣ್ಣಿಗೆ ಇಳಿಯಬೇಕು. ಅದಕ್ಕೆ ದಾರಿ ಬೇರೆ ಮಾಡಬೇಕಿತ್ತು.

ಇಪ್ಪತ್ತೈದು ಪದ್ಯ ಬಾಯಲ್ಲಿ ಗಟ್ಟಿಯಾಗುವವರೆಗೆ ಪುಸ್ತಕ ತೋರಿಸಲಿಲ್ಲ. ಸುಮಾರು ಎಂಟು ತಿಂಗಳು. ಆಮೇಲೆ ಚೆನ್ನಾಗಿ ಬರುವ ಪದ್ಯವನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟೆ. ಹೇಳುತ್ತಾ ಬೆರಳಿಡಬೇಕು, ಅಷ್ಟೇ. ಹೇಳುತ್ತಾ ಹೋದ ಮಕ್ಕಳು ಮೊದಲ ಸಾಲಿನ ಕೊನೆಗೆ ಬಂದು ಬೆಚ್ಚಿದರು: ‘ಆಂಟಿ, ರಾಜೀವನ್ನ ಕತ್ತರಿಸಿಬಿಟ್ಟಿದಾರೆ!’ ಎಂಟು ತಿಂಗಳಿಂದ ಅವರ ಬಾಯಲ್ಲಿ ರಾಜೀವಪೀಠ ಇಡಿಯಾಗಿತ್ತು, ಕಾಗದದ ಮೇಲೆ ತುಂಡಾಗಿ ಕಂಡಿತು. ಪೆನ್ಸಿಲ್ ಕೊಟ್ಟು, ‘ರಾ’ಯಿಂದ ಕೆಳಗಿನ ‘ಜೀವ’ಕ್ಕೆ ಒಂದು ಕೊಂಡಿ ಎಳೆಯಿರಿ ಅಂದೆ. ಪದ್ಯಪದ್ಯಕ್ಕೂ ಕೊಂಡಿ ಹುಡುಕುವುದೇ ಆಟವಾಯಿತು.

ಕವಿ ತನ್ನ ಅಗ್ಗಳಿಕೆ, ಅಂದರೆ ಹಿರಿಮೆ, ಹೇಳಿಕೊಳ್ಳುವ ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ’ ಪದ್ಯ ಇದಕ್ಕೆ ಬಂಗಾರ. ಅದರಲ್ಲಿ ‘ಅಗ್ಗಳಿಕೆ’ಯೇ ಒತ್ತಕ್ಷರದ ಹತ್ತಿರ ಮುರಿದು ಎರಡು ಸಾಲಿಗೆ ಹಂಚಿಕೊಂಡಿದೆ. ‘ಅಗ್ಗ ಅಂದ್ರೆ ಚೀಪ್ ಅಲ್ವಾ’ ಎಂದು ಒಬ್ಬಳು ಕೇಳಿದಳು. ಅಗ್ಗಳ ಬೇರೆ, ಅಗ್ಗ ಬೇರೆ ಎಂದು ಅವತ್ತು ಅರ್ಧ ಗಂಟೆ ಮಾತಾಡಿದೆವು, ಅಪ್ಪಣೆಯಿಲ್ಲದೆ ಅರ್ಥ ಬಂದು ಕೂತಿತು. ನಮ್ಮ ಕಡೆ ಹಕಾರ ಬಿಡುವ ಮಕ್ಕಳ ‘ಅಲಗೆ’ಯೂ ಇದೇ ಪದ್ಯದಲ್ಲಿ ‘ಹಲಗೆ’ಯಾಯಿತು.

ಮೂರನೇ ಹಂತ ಅರ್ಧ ಗೊತ್ತಿರುವ ಪದ್ಯ. ಮೊದಲ ಮೂರು ಸಾಲು ನಾನು ಹೇಳುವುದು, ಮುಂದಿನ ಮೂರು ಸಾಲನ್ನು ಮಗು ಅಚ್ಚು ನೋಡಿಕೊಂಡು ಅದೇ ಓಟದಲ್ಲಿ ಮುಂದುವರಿಸುವುದು. ತೊಡೆಯ ಮೇಲಿನ ತಾಳ ನಿಲ್ಲಿಸುವಂತಿಲ್ಲ. ಇಲ್ಲಿ ಬಹಳ ಮುಗ್ಗರಿಸಿದರು, ನಾಲ್ಕೈದು ತಿಂಗಳು ಹಿಡಿಯಿತು. ಆದರೆ ತಪ್ಪು ಓದಿದರೆ ಬೆರಳೇ ಹೇಳುತ್ತದೆ, ತಟ್ಟು ಎಲ್ಲೋ ಬೀಳುತ್ತದೆ. ಮಕ್ಕಳು ತಾವೇ ನಿಂತು ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳತೊಡಗಿದಾಗ, ಇನ್ನು ಚಿಂತೆಯಿಲ್ಲ ಅನಿಸಿತು.

ಈ ನಡುವೆ ಬೇರೆ ಬೇರೆಯದನ್ನೂ ಮಾಡಿ ನೋಡಿದೆ. ಜೈಮಿನಿ ಭಾರತದ ವಾರ್ಧಕ ಷಟ್ಪದಿಗೆ ಕೈಹಾಕಿದೆ, ಐದು ಮಾತ್ರೆಯ ನಡೆ ಸಣ್ಣ ಮಕ್ಕಳನ್ನು ಓಡಿಸಿಕೊಂಡು ಹೋಗುತ್ತದೆ, ಒತ್ತು ಮಹಾಪ್ರಾಣ ನೆಲಕ್ಕೆ ಬೀಳುತ್ತವೆ. ಹನ್ನೆರಡು ದಾಟಿದವರಿಗೆ ಮಾತ್ರ ಈಗ ಹೇಳಿಕೊಡುತ್ತೇನೆ. ಡಿ.ವಿ.ಜಿ.ಯವರ ಕಗ್ಗ ಬೇಗ ಬಾಯಿಗೆ ಬಂತು, ಆದರೆ ಕಥೆಯಿಲ್ಲದ್ದರಿಂದ ಎಂಟು ವರ್ಷದವರ ಮುಖದಲ್ಲಿ ಭಾವ ಬರಲಿಲ್ಲ. ‘ವೇದಪುರುಷನ ಸುತನ ಸುತನ’ ಎಂಬ ಒಗಟಿನ ಪದ್ಯ ಮಾತ್ರ ಊಹೆ ಮೀರಿ ಗೆದ್ದಿತು. ಅದನ್ನು ಬಾಲದಿಂದ ಬಿಡಿಸಲು ಹೇಳಿದೆ. ಕೃಷ್ಣ ಹುಟ್ಟಿದ್ದು ಯಾರ ಹೊಟ್ಟೆಯಲ್ಲಿ? ದೇವಕಿ. ದೇವಕಿ ಯಾರ ನಾದಿನಿ? ಕುಂತಿ. ಕುಂತಿ ಯಾರ ಅವ್ವೆ? ಧರ್ಮರಾಯ. ಅವನು ಯಾರ ಅಣ್ಣ? ಜರಾಸಂಧನನ್ನು ಕಾದಿ ಗೆದ್ದ ಭೀಮ. ಜರಾಸಂಧ ಕಂಸನ ಮಾವ, ಕಂಸ ಸುಭದ್ರೆಗೆ ಸೋದರಮಾವ, ಸುಭದ್ರೆ ಅರ್ಜುನನ ಹೆಂಡತಿ. ಗೋಡೆಗೆ ಚಾರ್ಟ್ ಅಂಟಿಸಿ ಗೆರೆ ಎಳೆದರು. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ಪರೀಕ್ಷೆ ಮಾಡಿದರಂತೆ.

ತಾವೇ ಕಟ್ಟಲಿ ಎಂದೂ ಬಿಟ್ಟೆ. ಹತ್ತು ವರ್ಷದವಳೊಬ್ಬಳು ಬರೆದುಕೊಂಡು ಬಂದ ಅರ್ಧ ಷಟ್ಪದಿ ಇದು:

ಬೆಳಗಿನಲಿ ನಾ ಶಾಲೆ ಬಸ್ಸಲಿ
ಕಳೆದುಕೊಂಡೆನು ನನ್ನ ಡಬ್ಬಿಯ
ಬಳಿಗೆ ಬಂದಳು ಗೆಳತಿ ಕೊಟ್ಟಳು ಅರ್ಧ ರೊಟ್ಟಿಯನು

ಮಾತ್ರೆ ಎಣಿಸಿ ನೋಡಿ, 14, 14, 23, ಭಾಮಿನಿಯ ಲೆಕ್ಕವೇ. ಪ್ರಾಸವೂ ತಪ್ಪಿಲ್ಲ. ಗಣದ ಹೆಸರು ಒಂದೂ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ಕಾಗದವನ್ನು ಕಟ್ಟು ಹಾಕಿಸಿ ಇಟ್ಟಿದ್ದೇನೆ.

ದುಡ್ಡಿನ ವಿಷಯ. 2022ರಲ್ಲಿ ಕೇಶವಮೂರ್ತಿಗಳಿಗೆ ಪದ್ಮಶ್ರೀ ಬಂದಾಗ ‘ಗಮಕಕ್ಕೂ ಪದ್ಮಶ್ರೀ ಕೊಡ್ತಾರಾ’ ಎಂದು ವಿಚಾರಿಸಿಕೊಂಡು ಬಂದು ಮೂವರು ಪೋಷಕರು ಮಕ್ಕಳನ್ನು ಸೇರಿಸಿದರು. ಫೀಸು 500 ಮಾಡಿದೆ, ಕೊಡಲಾಗದ ಮೂವರಿಗೆ ಇಲ್ಲ. ಮೊದಲ ಸಾರ್ವಜನಿಕ ಕಾರ್ಯಕ್ರಮಕ್ಕೆ ಮೈಕ್ ಸೆಟ್ಟಿಗೆ ನಾಲ್ಕೂವರೆ ಸಾವಿರ, ನೂರೈವತ್ತು ಜನಕ್ಕೆ ಉಪ್ಪಿಟ್ಟು ಕೇಸರಿಬಾತಿಗೆ ಒಂಬತ್ತು ಸಾವಿರದ ಹತ್ತಿರ, ತಟ್ಟೆಯಲ್ಲಿ ಬಂದದ್ದು ಎರಡು ಚಿಲ್ಲರೆ ಸಾವಿರ. ನಮ್ಮ ಯಜಮಾನರು ‘ಇದು ಎಲ್ಲಿಯವರೆಗೆ’ ಎಂದು ಕೇಳಿದರು. ಈಗ ಶ್ರಾವಣ ಮತ್ತು ಕಾರ್ತಿಕದಲ್ಲಿ ಮನೆಗಳಿಂದ ಕರೆ ಬರುತ್ತದೆ, ಮಕ್ಕಳಿಗೆ ಸಂಭಾವನೆ ಕೊಡುತ್ತಾರೆ. ಕಳೆದ ವರ್ಷ ಖರ್ಚು ಕಳೆದು ಆರೇಳು ಸಾವಿರ ಉಳಿಯಿತು, ಅದರಲ್ಲಿ ಎಲ್ಲರಿಗೂ ಪುಸ್ತಕ ಕೊಡಿಸಿದೆ.

ಗಿಳಿಪಾಠ ಎಂದಿದ್ದ ಹಿರಿಯರನ್ನು 2024ರ ಬೇಸಿಗೆಯಲ್ಲಿ ನಾನೇ ಮನೆಗೆ ಕರೆದೆ. ‘ನೀವೇ ಪುಟ ತೆಗೆಯಿರಿ’ ಎಂದು ಪುಸ್ತಕ ಕೊಟ್ಟೆ. ಕನ್ನಡಕ ಏರಿಸಿ ಉದ್ಯೋಗಪರ್ವ ತೆಗೆದರು, ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗ. ನಾವು ಆದಿಪರ್ವ, ವಿರಾಟಪರ್ವ ಬಿಟ್ಟು ಆಚೆ ಹೋಗಿರಲಿಲ್ಲ. ಮುಂದೆ ಕೂತಿದ್ದವಳು ಅದೇ ಬಟಾಣಿ ಬಿಡಿಸುತ್ತಿದ್ದ ಹುಡುಗಿ, ಅಷ್ಟು ಹೊತ್ತಿಗೆ ಹನ್ನೊಂದು ವರ್ಷ.

ಅವಳು ಒಮ್ಮೆ ಕಣ್ಣಲ್ಲೇ ಪೂರ್ತಿ ಓದಿಕೊಂಡಳು. ತೊಡೆಯ ಮೇಲೆ ಬೆರಳು ಶುರುವಾಯಿತು. ‘ಭೇದವಿಲ್ಲೆಲೆ ಕರ್ಣ ನಿಮ್ಮೊಳು ಯಾದವರು ಕೌರವರೊಳಗೆ’ ಎಂದು ಅಲ್ಲಿ ಚೂರು ತಡೆದಳು. ಅಚ್ಚಿನಲ್ಲಿ ಸಾಲು ಮುಗಿಯುವುದು ಅಲ್ಲಲ್ಲ, ಇನ್ನೂ ಒಂದು ‘ಸಂ’ ಉಳಿದಿದೆ. ಅದನ್ನು ಕೆಳಗಿನ ಸಾಲಿಗೆ ಒಯ್ದು ‘ಸಂವಾದಿಸುವಡನ್ವಯಕೆ’ ಎಂದು ಒಂದೇ ಉಸಿರಿನಲ್ಲಿ ಎತ್ತಿಕೊಂಡಳು. ತಾಳ ಒಂದು ಮಾತ್ರೆಯೂ ಕದಲಲಿಲ್ಲ. ಕೊನೆಗೆ ‘ಬಿತ್ತಿದನು ಭಯವ’ ಎಂಬಲ್ಲಿ ‘ವ’ದ ಮೇಲೆ ಅಂಗೈ ಊರಿ ನಿಲ್ಲಿಸಿದಳು. ಹಿರಿಯರು ಇನ್ನೊಂದು ಪದ್ಯ ಅಂದರು, ಆಮೇಲೆ ಮತ್ತೊಂದು. ಐದು ಪದ್ಯಗಳಲ್ಲಿ ಎರಡು ಕಡೆ ತಪ್ಪಿದಳು, ಒಂದನ್ನು ತಾನೇ ತಿದ್ದಿಕೊಂಡಳು. ‘ಬಿತ್ತಿದನು ಅಂದರೇನಮ್ಮ’ ಎಂದು ಅವರು ಕೇಳಿದ್ದಕ್ಕೆ, ‘ರಾಗಿ ಬಿತ್ತೋ ಥರ ತಾತ, ಕಿವಿಯೊಳಗೆ ಹಾಕಿದ್ರೆ ಆಮೇಲೆ ಒಳಗೇ ಬೆಳೆಯುತ್ತೆ’ ಅಂದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆ ದೊಡ್ಡಕ್ಷರದ ಹಾಳೆಗಳ ಒಂದು ಪ್ರತಿ ತಮಗೂ ಬೇಕೆಂದು ಕೇಳಿದರು. ಮೊಮ್ಮಗನಿಗಂತೆ.

ಇನ್ನೂ ಬಗೆಹರಿಯದ್ದು ಗಂಡು ಹುಡುಗರ ದನಿ. ಹದಿಮೂರು ಹದಿನಾಲ್ಕಕ್ಕೆ ದನಿ ಒಡೆದಾಗ ಶ್ರುತಿ ಸಿಗದೆ ನಾಚಿಕೊಂಡು ಬಿಟ್ಟುಹೋಗುತ್ತಾರೆ, ಇಬ್ಬರನ್ನು ಹಾಗೆ ಕಳೆದುಕೊಂಡಿದ್ದೇನೆ. ಈ ಸಲ ಅಂಥ ಒಬ್ಬನಿಗೆ ವಾಚನ ನಿಲ್ಲಿಸಿ ವ್ಯಾಖ್ಯಾನಕ್ಕೆ ಕೂರಿಸಿದ್ದೇನೆ. ತಂಗಿ ಓದುತ್ತಾಳೆ, ಅವನು ಅರ್ಥ ಹೇಳುತ್ತಾನೆ. ನಾಲ್ಕು ತಿಂಗಳಾಯಿತು, ಒಂದು ದಿನವೂ ತಪ್ಪಿಸಿಲ್ಲ.